ಬರ್ಫ ನೀರಾಗುವ ತನಕ ಕಾಯುವ ಸಕ್ರವ್ವ

ಗುರುವಾರ ಬೆಳಿಗ್ಗೆ, ಇನ್ನೂ ಆರು ಗಂಟೆಯಾಗಿಲ್ಲ. ತಿಕೋಟಾ ಭಾಗದ ಆರೋಗ್ಯ ಕೇಂದ್ರವೊಂದರ ಕಟ್ಟೆಯ ಮೇಲೆ ಸಕ್ರವ್ವ ನಾಲ್ಕು ಐಸ್ ಪ್ಯಾಕ್ ಹರವಿಕೊಂಡು ಕೂತಿದ್ದಾರೆ. ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ನೀರು ಗುಳುಗುಳು ಅಂದರೆ ಮಾತ್ರ ಅದು ಲಸಿಕೆಯ ಡಬ್ಬಿಗೆ ಹೋಗುತ್ತದೆ. ಹೊರಗೆ ಆಟೋದವ ಹಾರ್ನ್ ಒತ್ತುತ್ತಾನೆ. “ತಡಿಯೋ ಯಪ್ಪಾ, ಇನ್ನ ನೀರಿನ ಸಪ್ಪಳ ಬರವಲ್ದು!”

ನಲವತ್ತೇಳರ ಸಕ್ರವ್ವ ಹನ್ನೊಂದು ವರ್ಷಗಳಿಂದ ಈ ಡಬ್ಬಿ ಹೊತ್ತು ಊರೂರು ತಿರುಗುತ್ತಿದ್ದಾರೆ. ಇವತ್ತು ಬಿಜ್ಜರಗಿ, ಅಲ್ಲಿ ಮೂವತ್ತೊಂದು ಕೂಸುಗಳು ಕಾಯುತ್ತಿವೆ. ಪ್ಯಾಕಿನೊಳಗಿನ ಬರ್ಫ, ಅಂದರೆ ಮಂಜುಗಡ್ಡೆ, ತೀರಾ ಗಟ್ಟಿಯಿದ್ದರೆ ಪಕ್ಕದ ಲಸಿಕೆಯೂ ಹೆಪ್ಪುಗಟ್ಟಿ ಕೆಡುತ್ತದೆ. ಇದು ಗೊತ್ತಿದ್ದೂ ಅವರು ಒಮ್ಮೆ ತಪ್ಪಿದರು, ಕೊರೊನಾ ಕಾಲದ ಒಂದು ಕಡುಬೇಸಿಗೆಯಲ್ಲಿ.

ಅಂದು ಬಂದದ್ದು ಕೊರೊನಾ ಲಸಿಕೆಯ ಒಂದೇ ಸೀಸೆ, ಹತ್ತು ಜನರಿಗೆ ಸಾಲುವಷ್ಟು. ಬಿಸಿಲಿಗೆ ಹೆದರಿದ ಸಕ್ರವ್ವ ಫ್ರೀಜರಿನ ಬರ್ಫವನ್ನು ಹಾಗೇ ತುಂಬಿಬಿಟ್ಟರು. ಬಿಜ್ಜರಗಿಯಲ್ಲಿ ನರ್ಸ್ ಸೈಮಾ ಡಬ್ಬಿ ತೆರೆದರೆ ಲಸಿಕೆ ಕಲ್ಲಾಗಿತ್ತು. ಸೈಮಾ ಕಾರಣ ಬಿಡಿಸಿ ಹೇಳದೆ, ಇವತ್ತು ಲಸಿಕೆ ಇಲ್ಲ ಎಂದರು. ನಮ್ಮ ಸರ್ಕಾರ ಎಷ್ಟೋ ದೇಶಗಳಿಗೆ ಲಸಿಕೆ ಕಳಿಸಿದ ಸುದ್ದಿ ಆಗ ಎಲ್ಲರ ಬಾಯಲ್ಲೂ ಇತ್ತು. “ಪರದೇಶಕ್ಕ ಕಳಸಾಕ ಐತಿ, ನಮಗ ಅಷ್ಟ ಇಲ್ಲೇನು?” ಎಂದು ಸಾಲಿನಲ್ಲಿ ನಿಂತಿದ್ದ, ಎಪ್ಪತ್ತು ದಾಟಿದ ಚಂದ್ರಾಬಾಯಿ ಸಿಡಿದರು. ಇನ್ನು ಈ ಸೂಜಿಯ ಸಹವಾಸವೇ ಬೇಡವೆಂದು ಮನೆಗೆ ನಡೆದರು.

ಸುಮ್ಮನಿದ್ದಿದ್ದರೆ ತಪ್ಪು ಸರ್ಕಾರದ ತಲೆಗೆ ಹೋಗಿ ಸಕ್ರವ್ವ ಪಾರಾಗುತ್ತಿದ್ದರು. ಆ ಜೀವಕ್ಕೆ ಅದು ಆಗಲಿಲ್ಲ. ಅಂದೇ ಸಂಜೆ ಚಂದ್ರಾಬಾಯಿಯ ಮನೆಗೆ ಹೋದರು. “ಕೆಲಸ ಹೋಗ್ತೈತಿ ಅಂತ ಹೆದರಿಕಿ ಇತ್ರಿ. ಆದ್ರ ಮುದುಕಿ ಸೂಜಿ ಬಿಟ್ಟು ಕುಂತು, ಏನರ ಆದ್ರ? ‘ಆಯಿ, ಪರದೇಶಕ್ಕ ಕೊಟ್ಟಿದ್ದಕ್ಕಲ್ಲ, ನನ್ನ ಕೈಲೆ ಕೆಟ್ಟೈತಿ’ ಅಂದೆ. ಅತ್ತುಬಿಟ್ಟೆ,” ಎಂದು ಸಕ್ರವ್ವ ಈಗ ನೆನೆಯುತ್ತಾರೆ.

ಚಂದ್ರಾಬಾಯಿ ಬಾಯಿತುಂಬ ಬೈದರು, ಆಮೇಲೆ ಚಹಾ ಕುಡಿಸಿದರು. ಮುಂದಿನ ವಾರ ಸಾಲಿನಲ್ಲಿ ಮೊದಲು ನಿಂತವರು ಅವರೇ. ಆರೋಗ್ಯ ಕೇಂದ್ರದಲ್ಲೂ ಸಕ್ರವ್ವ ಒಪ್ಪಿಕೊಂಡರು. ನೋಟಿಸು ಬಂತು, ಪುಣ್ಯಕ್ಕೆ ಕೆಲಸ ಉಳಿಯಿತು.

ನಿಮ್ಮ ಆಸೆ ಏನು ಎಂದು ಕೇಳಿದರೆ ಸಕ್ರವ್ವ ಸೆರಗು ಸರಿಮಾಡಿಕೊಂಡು ನಾಚುತ್ತಾರೆ. “ಆ ಪರದೇಶದಾಗೂ ಡಬ್ಬಿ ಹೊರಾಕಿ ಒಬ್ಬಾಕಿ ಇರಬೇಕಲ್ರಿ. ಆಕೀನ್ನ ಒಮ್ಮಿ ನೋಡಬೇಕು. ನಮ್ಮ ಕಡಿಂದ ಬಂದ ಸೂಜಿಲೆ ನಿಮ್ಮೂರ ಮುದುಕ್ಯಾರು ಉಳದ್ರೇನ ಬೇ, ಅಂತ ಕೇಳಬೇಕು.”