ಬೆಲ್ಟಿನೊಳಗಿನ ಅಂಗೈ ಗುರುತು

ಬಿಚ್ಚಿಕೊಂಡಿದ್ದ ಬೆಲ್ಟಿನ ಜೋಡಣೆಯನ್ನು ತಮ್ಮ ಎಳೆದು ತೆರೆದಾಗ, ಒಳಗಿನ ರಬ್ಬರಿನ ಮೇಲೆ ನನ್ನ ಅಂಗೈ ಗುರುತು ಕಂಡಿತು. ಉಜ್ಜಿ ಸ್ವಚ್ಛ ಮಾಡಿದ ರಬ್ಬರಿಗೆ ಬೆವರಿನ ಕೈ ತಾಗಿದರೆ ಅಂಟು ಹಿಡಿಯುವುದಿಲ್ಲ. ಹಿಂದಿನ ದಿನ ನಾವಿಬ್ಬರೂ ಈ ಜೋಡ್ ಹಾಕುವಾಗ ಕೈ ತಾಗಿದ್ದು ಗೊತ್ತಿದ್ದೂ ನಾನು ಸುಮ್ಮನಿದ್ದೆ. ಕಬ್ಬಿನ ಸಿಪ್ಪೆ ಸಾಗಿಸುವ ಆ ಬೆಲ್ಟಿನಿಂದಾಗಿ ಗಡಹಿಂಗ್ಲಜ ಕಡೆಯ ಇಡೀ ಸಕ್ಕರೆ ಕಾರ್ಖಾನೆ ನಿಂತಿತ್ತು.

“ಯಾರ ಹಾಕಿದ ಜೋಡ್ ಇದು? ಇನ್ನ ಅವ ಗೇಟಿನೊಳಗ ಬರಬಾರದು!” ಕಾರ್ಖಾನೆಯ ಸಾಹೇಬರು ಕೂಗಿದರು.

ತಮ್ಮ ನನ್ನನ್ನೊಮ್ಮೆ ನೋಡಿ, ಆ ಗುರುತಿನ ಮೇಲೆ ತಂತಿ ಬ್ರಷ್ ತಿಕ್ಕಿದ. “ನಂದರೀ ಸಾಹೇಬ್ರ. ಇದೊಂದ್ ಸಲ ಮತ್ತ ಹಾಕ್ತೀನಿ. ಅಣ್ಣಾ, ಈ ಸಲ ಕೈ ಒರಸ್ಕೊಂಡ ಬಾ.”

ಕಬ್ಬಿನ ಹಂಗಾಮು ಮುಗಿಯುವವರೆಗೂ ಆ ಹೊಸ ಜೋಡ್ ಬಿಡಲಿಲ್ಲ. ಈಗ ಬಿದ್ರಿ ಕಡೆಯ ಕಾರ್ಖಾನೆಯವರೂ ಅವನನ್ನೇ ಹೆಸರು ಹಿಡಿದು ಕೆಲಸಕ್ಕೆ ಕರೆಯುತ್ತಾರೆ. ಅವನಿಗೆ ಕೆಲಸ ಕಲಿಸಿದವನು ನಾನೇ ಎಂದು ಎಲ್ಲರ ಮುಂದೆ ಹೆಮ್ಮೆಯಿಂದ ಹೇಳುತ್ತೇನೆ. ಆ ಅಂಗೈ ನನ್ನದೆಂದು ಹೇಳುತ್ತಿರುವುದು ಇವತ್ತೇ ಮೊದಲು.