ಹಾಲು ಒಡೆಯಲೇಬೇಕಿದ್ದ ದಿನ

ನಮ್ಮ ಮನೆಯಲ್ಲಿ ಹಾಲು ಒಡೆದರೆ ಅಮ್ಮನ ಮುಖ ಸಪ್ಪಗಾಗುತ್ತಿತ್ತು. ಯಾರಿಗೋ ಏನೋ ಕಾದಿದೆ ಎಂದು ದಿನವಿಡೀ ಗೊಣಗುತ್ತಿದ್ದಳು. ಅಂಥವಳ ಮಗಳಾದ ನಾನು ಹಾಲು ಒಡೆಯಲಿ ಎಂದು ಎರಡು ವರ್ಷ ಕಾದೆ.

ತೊಂಬತ್ತರ ದಶಕದ ಮಾತು. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾ, ಅಲ್ಲಿನ ಲ್ಯಾಬಿನಲ್ಲೇ ಪಿಎಚ್.ಡಿ.ಗಾಗಿ ಒದ್ದಾಡುತ್ತಿದ್ದೆ. ರೇಷ್ಮೆ ಚಿಟ್ಟೆ ಬಾಯಿಂದ ಒಂದು ರಸ ಬಿಟ್ಟು, ಗೂಡನ್ನು ಮೆತ್ತಗೆ ಮಾಡಿಕೊಂಡು ಹೊರಬರುತ್ತದೆ. ಶಿಡ್ಲಘಟ್ಟದಿಂದ ಚಿಟ್ಟೆ ತಂದು ಆ ರಸ ತೆಗೆಯುತ್ತಿದ್ದೆ. ಅದರಲ್ಲಿರುವ ಪ್ರೋಟೀನು ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ. ಆದರೆ ಬಿಸಿ ತಾಕಿದರೆ ಆ ಪ್ರೋಟೀನು ಕೆಟ್ಟು ಯಾವ ಕೆಲಸಕ್ಕೂ ಬರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳಿಗೆ ಅಂಟಿಸಿದರೆ ಅದು ಬಿಸಿಯನ್ನು ತಡೆದುಕೊಳ್ಳುತ್ತದೆ ಎನ್ನುವುದು ನನ್ನ ಹಟ. ಕಣಗಳಿದ್ದ ನೀರು ದಾಳಿಂಬೆ ರಸದಂತೆ ಕೆಂಪಗಿತ್ತು. "ಇದು ಚಿನ್ನ ಅಂದ್ರೆ ಜನ ನಗ್ತಾರೆ ಕಣೇ" ಎಂದಿದ್ದಳು ಅಮ್ಮ.

ನನ್ನ ಗೈಡ್ ಆಗಿದ್ದ ಮೇಷ್ಟ್ರು ನಗುತ್ತಿರಲಿಲ್ಲ. ಅವರು ಯಾವುದಕ್ಕೂ ನಗುತ್ತಿರಲಿಲ್ಲ. "ನನ್ನ ಕಣ್ಣೆದುರಿಗೆ ಆಗ್ಬೇಕಮ್ಮ. ಇಲ್ಲಾಂದ್ರೆ ಚಿನ್ನದ ಹುಚ್ಚು ಬಿಟ್ಟು ಬೇರೆ ವಿಷಯ ತಗೋ" ಎಂದು ಹೇಳಿ, ಏಪ್ರಿಲ್‌ನ ಒಂದು ಶನಿವಾರ ಬೆಂಗಳೂರಿನಿಂದ ಬರುತ್ತೇನೆಂದರು.

ಅವತ್ತೇ ಬಸ್ಸು ಕೆಟ್ಟು ನಿಲ್ಲಬೇಕೆ? ಬೆಳಿಗ್ಗೆ ಬರಬೇಕಾದವರು ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತಾ ಬಂದರು. ಅಷ್ಟರಲ್ಲಿ ಕರೆಂಟು ಹೋಗಿ ಲ್ಯಾಬಿನ ಫ್ರಿಜ್ ನಿಂತುಹೋಗಿತ್ತು. ಗಾಜಿನ ನಳಿಗೆಗಳನ್ನು ಸಾಲಾಗಿ ನಿಲ್ಲಿಸಿ ಹಾಲು ಹಾಕಿದೆ. ಒಂದರಲ್ಲಿ ಬರೀ ಹಾಲು. ಒಂದಕ್ಕೆ ಬಿಸಿ ಮಾಡಿದ ರಸ, ಇನ್ನೊಂದಕ್ಕೆ ಚಿನ್ನದ ಜೊತೆ ಬಿಸಿ ಮಾಡಿದ ರಸ. ಚಿನ್ನವಿದ್ದದ್ದು ಮಾತ್ರ ಒಡೆಯಬೇಕು. ನೋಡನೋಡುತ್ತಾ ಎಲ್ಲವೂ ಒಡೆದವು, ಬರೀ ಹಾಲೂ ಕೂಡ. ಸೆಕೆಗೆ ಹಾಲೇ ಕೆಟ್ಟಿತ್ತು.

"ಇದರಿಂದ ಏನೂ ಗೊತ್ತಾಗಲ್ಲಮ್ಮ" ಎಂದು ಮೇಷ್ಟ್ರು ಗಡಿಯಾರ ನೋಡಿಕೊಂಡರು. ನನಗೆ ಅಳುವಿಗಿಂತ ಸಿಟ್ಟು ಬಂತು. ಅರ್ಧ ಗಂಟೆ ಕೂತಿರಿ ಸರ್ ಎಂದವಳೇ ಹಿಂದಿನ ಬೀದಿಯ ನಮ್ಮ ಮನೆಗೆ ಓಡಿದೆ.

ಅಮ್ಮ ಹಾಲು ಕಾಯಿಸಿ ಆರಲು ಇಟ್ಟಿದ್ದಳು. "ಅದನ್ನ ಕೊಡಮ್ಮ, ಒಡೀಬೇಕು" ಎಂದೆ.

"ನಿಮ್ಮ ಮೇಷ್ಟ್ರ ಕಾಫಿಗೆ ಅಂತ ಇಟ್ಟಿದೀನಿ. ಒಳ್ಳೆ ಹಾಲನ್ನ ಬೇಕು ಬೇಕಂತ ಒಡೆಸ್ತಾರೇನೇ?"

"ಒಡೀದಿದ್ರೆ ಎರಡು ವರ್ಷದ ಕೆಲಸ ನೀರುಪಾಲು ಕಣಮ್ಮ."

ಅವಳು ನನ್ನ ಮುಖ ನೋಡಿದಳು. ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ಸೆರಗು ಹೊದ್ದು, ತಾನೇ ಹಿಡಿದುಕೊಂಡು ಬಂದಳು. ನನ್ನ ಕೈಗೆ ಕೊಡಲಿಲ್ಲ.

ಬಿಸಿ ಮಾಡಿಟ್ಟ ಎರಡೂ ಬಗೆಯ ರಸ ಉಳಿದಿತ್ತು. ಮತ್ತೆ ಎಲ್ಲವನ್ನೂ ಹಾಕಿ ನಿಂತೆವು. ಬರೀ ಹಾಲು ಬೆಳ್ಳಗೆ ಇತ್ತು. ಚಿನ್ನವಿಲ್ಲದ್ದೂ ಬೆಳ್ಳಗೇ ಇತ್ತು. ಆದರೆ ಚಿನ್ನವಿದ್ದದ್ದೂ ಗುಲಾಬಿ ಬಣ್ಣಕ್ಕೆ ತಿರುಗಿ ಸುಮ್ಮನೆ ನಿಂತಿತ್ತು. ಮೇಷ್ಟ್ರು ಬ್ಯಾಗಿನ ಜಿಪ್ ಎಳೆದ ಸದ್ದು ಕೇಳಿಸಿತು. ತಲೆಯೆತ್ತಿ ಅವರನ್ನು ನೋಡುವ ಧೈರ್ಯ ಬರಲಿಲ್ಲ.

ಅಮ್ಮ ಗುಲಾಬಿ ಬಣ್ಣದ ನಳಿಗೆಯ ಹತ್ತಿರ ಬಗ್ಗಿದಳು. "ಒಡೀತಿದೆ ಕಣೇ" ಎಂದಳು ಮೆಲ್ಲಗೆ.

ಗಾಜಿನ ಒಳಮೈಗೆ ಒಡೆದ ಹಾಲಿನ ಸಣ್ಣ ಸಣ್ಣ ಗರಣೆ ಅಂಟತೊಡಗಿತ್ತು. ನಾನು ಮೇಜು ಹಿಡಿದುಕೊಂಡೆ. ಮೇಷ್ಟ್ರು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಉಳಿದೆರಡನ್ನೂ ಹಿಡಿದು ನೋಡಿದರು, ತುಂಬಾ ಹೊತ್ತು. ಬ್ಯಾಗನ್ನು ನೆಲಕ್ಕಿಟ್ಟು ಕೂತರು.

"ಇನ್ನೊಂದ್ಸಲ ಮಾಡಮ್ಮ. ಒಂದು ಸಲ ಆದದ್ದನ್ನ ನಾನು ನಂಬಲ್ಲ."

ಅಮ್ಮ ಪಾತ್ರೆಯೊಳಗೆ ಇಣುಕಿ ನೋಡಿದಳು. ತಳದಲ್ಲಿ ಒಂದು ಲೋಟದಷ್ಟು ಉಳಿದಿತ್ತು.

"ಇದು ನಿಮ್ಮ ಕಾಫಿಗೆ ಅಂತ ಇಟ್ಟ ಹಾಲು ಸ್ವಾಮಿ" ಎಂದು ಅದನ್ನು ನನ್ನ ಮುಂದೆ ಸರಿಸಿದಳು. "ಪರವಾಗಿಲ್ಲ, ಇದೂ ಒಡೀಲಿ."