ಎಂಟು ಎಂಬಿ ಎದುರು ನಾಲ್ಕು ಎಂಬಿ

ಇವತ್ತು ಬೆಳಿಗ್ಗೆ ಹಳೆಯದೊಂದು ಕಂಪ್ಯೂಟರಿನ ಡಬ್ಬಿ ಬಿಚ್ಚಿ ಬ್ರಶ್ಶಿನಿಂದ ಧೂಳು ತೆಗೆಯುತ್ತಿದ್ದೆ. ಕಾದ ಧೂಳಿಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬೇಕು. ಇಸ್ತ್ರಿ ಪೆಟ್ಟಿಗೆಯದೂ ಅಲ್ಲ, ಹಂಚಿನದೂ ಅಲ್ಲ, ಅವೆರಡರ ನಡುವಿನದು. ಅದು ಮೂಗಿಗೆ ಬಡಿದದ್ದೇ ತಡ, ತೊಂಬತ್ತರ ದಶಕದ ಕೊನೆಯ ಒಂದು ಮಧ್ಯಾಹ್ನ ಇಡಿಯಾಗಿ ಎದುರಿಗೆ ಬಂದು ನಿಂತಿತು.

ಆಗ ನಾನು ಆಳಂದದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದು ದೊಡ್ಡ ಮಾತಾಯಿತು. ಕಲಿಯಲು ಬರುತ್ತಿದ್ದ ಹುಡುಗಿಯರಿಗಿಂತ ಒಂದು ಪಾಠ ಮುಂದಿದ್ದೆ, ಅಷ್ಟೇ. ಆದರೆ ನನ್ನ ಹತ್ತಿರ ಒಂದು ಗ್ರಾಫಿಕ್ಸ್ ಕಾರ್ಡ್ ಇತ್ತು. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಪರದೆಯ ಮೇಲೆ ಚಿತ್ರ ಮೂಡಿಸುವ ಹಸಿರು ಹಲಗೆ. ಎಂಟು ಎಂಬಿ ಮೆಮೊರಿ, ಡಬ್ಬದ ಮೇಲೆ ಬೆಂಕಿಯುಗುಳುವ ಹಾವು. ಇವತ್ತಿನ ಫೋನಿನಲ್ಲಿ ತೆಗೆದ ಎರಡು ಫೋಟೊಗಳಿಗೆ ಆ ಎಂಟು ಎಂಬಿ ತುಂಬಿಹೋಗುತ್ತದೆ. ಆಗ ಮಾತ್ರ ಇಡೀ ತಾಲ್ಲೂಕಿನ ಬಣ್ಣಗಳೆಲ್ಲ ನನ್ನ ಕೈಯಲ್ಲಿವೆ ಅನ್ನಿಸುತ್ತಿತ್ತು.

ನನಗೆ ಒಬ್ಬರೇ ಒಬ್ಬರು ಎದುರಾಳಿ: ಅಫಜಲಪುರದ ಗಂಗಾಬಾಯಿ ಅಕ್ಕೋರು. ಟೈಪಿಂಗ್ ಕಲಿಸುತ್ತಿದ್ದವರು, ಕಾಲ ನೋಡಿ ಕಂಪ್ಯೂಟರಿಗೆ ಬಂದವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಗುಲಬರ್ಗಾದಲ್ಲಿ ಒಂದು ಪರೀಕ್ಷೆಗೆ ಹೋದಾಗ ಪರಿಚಯವಾಗಿತ್ತು. ಅಂದಿನಿಂದ ಎಸ್‌ಟಿಡಿ ಬೂತಿನಿಂದ ನಮ್ಮಿಬ್ಬರ ಜಗಳ ನಡೆದೇ ಇತ್ತು. ಅವರದು ನಾಲ್ಕು ಎಂಬಿಯ ಕಾರ್ಡ್. ಮೆಮೊರಿ ಒಂದನ್ನೇ ನೋಡಿದರೆ ಆಗಲಿಲ್ಲ, ಅಕ್ಷರ ಎಷ್ಟು ಚೊಕ್ಕ ಕಾಣುತ್ತವೆ, ಪರದೆ ಎಷ್ಟು ನಡುಗುತ್ತದೆ, ಅದನ್ನೂ ನೋಡಬೇಕು ಎಂಬುದು ಅವರ ವಾದ. ನಾನು ಎಂಟು ಅಂದರೆ ನಾಲ್ಕರ ದುಪ್ಪಟ್ಟು ಎನ್ನುತ್ತಿದ್ದೆ. ನನ್ನ ವಾದ ಅಷ್ಟಕ್ಕೇ ಮುಗಿಯುತ್ತಿತ್ತು.

ಅಷ್ಟರಲ್ಲಿ ಜೇವರ್ಗಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ನನ್ನ ಸಿದ್ರಾಮ ಮಾಮಾ ಒಂದು ಕಂಪ್ಯೂಟರ್ ತಂದ. ಮದುವೆಯ ವಿಡಿಯೊ ಕ್ಯಾಸೆಟ್ಟಿನ ಮೊದಲಿಗೆ ಮದುಮಕ್ಕಳ ಹೆಸರು ತಿರುಗುತ್ತ ಬರಬೇಕು ಎನ್ನುವುದು ಅವನ ಆಸೆ. ಗುಲಬರ್ಗಾದ ಸ್ಟುಡಿಯೊಗಳು ಆಗಲೇ ಹಾಗೆ ಮಾಡಿ ಜೇವರ್ಗಿಯ ಮದುವೆಗಳನ್ನೆಲ್ಲ ಎಳೆದುಕೊಂಡು ಹೋಗುತ್ತಿದ್ದವು. ಕಂಪ್ಯೂಟರ್ ಬಂತು, ಕಾರ್ಡ್ ಯಾವುದು ಹಾಕಬೇಕು ತಿಳಿಯಲಿಲ್ಲ. ನಾನು ನನ್ನದೇ ಎಂದೆ. ಸುದ್ದಿ ಕೇಳಿದ ಅಕ್ಕೋರು ತಮ್ಮದೇ ಎಂದರು. ಒಂದೇ ಕಂಪ್ಯೂಟರಿನಲ್ಲಿ ಎರಡನ್ನೂ ಹಾಕಿ ನೋಡಿಬಿಡೋಣ, ಗೆದ್ದಂಥದ್ದನ್ನೇ ಮಾಮಾ ತರಲಿ ಎಂದು ಠರಾವಾಯಿತು. ಹಾಗೆ ಹಾಕಿ ನೋಡುವ ದಿನದ ಸಂಜೆಯೇ ಯಡ್ರಾಮಿಯ ಒಂದು ಮನೆತನದವರು ಮಗಳ ಮದುವೆಗೆಂದು ನಮೂನೆ ನೋಡಲು ಬರುವವರಿದ್ದರು. ಒಪ್ಪಿದರೆ ಮದುವೆಯ ಕೆಲಸ ಮಾಮಾನಿಗೆ, ಇಲ್ಲವಾದರೆ ಅದೂ ಗುಲಬರ್ಗಾಕ್ಕೆ.

ಕಾರ್ಡನ್ನು ಅವ್ವನ ಹತ್ತಿ ಸೀರೆಯಲ್ಲಿ ಸುತ್ತಿ, ರೊಟ್ಟಿ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಜೇವರ್ಗಿಗೆ ಹೋದೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಹೋಳಿಗೆಯೇನು ಎಂದು ಕೇಳಿದಳು. ಹೌದು ಎಂದುಬಿಟ್ಟೆ, ಅದನ್ನು ವಿವರಿಸುವ ಗೊಡವೆ ಯಾರಿಗೆ ಬೇಕು.

ಅಕ್ಕೋರೂ ತಮ್ಮ ಕಾರ್ಡ್ ಹಿಡಿದುಕೊಂಡು ಬಂದಿದ್ದರು. ಮೊದಲು ನನ್ನದನ್ನು ಹಾಕಿದೆವು. ಯಡ್ರಾಮಿಯ ಮದುಮಗಳು ಮಹಾನಂದಾಳ ಹೆಸರು ಬಂಗಾರದ ಬಣ್ಣದಲ್ಲಿ ಎದ್ದು, ಎಲ್ಲೂ ತಡವರಿಸದೆ, ಎಣ್ಣೆ ಹಾಕಿದ ಗಾಲಿಯ ಹಾಗೆ ತಿರುಗಿತು. ಚಹಾ ತಂದ ಮಾಮಿ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಳು. ನನಗೆ ನೆಲದ ಮೇಲೆ ಕಾಲು ನಿಲ್ಲಲೊಲ್ಲದು. ಆಮೇಲೆ ಅಕ್ಕೋರ ಕಾರ್ಡ್. ಅಕ್ಷರ ಖರೇ ಚೊಕ್ಕವಾಗಿದ್ದವು, ಆದರೆ ಹೆಸರು ಕುಂಟುತ್ತ ತಿರುಗಿತು. ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ನಾನು ಗೆದ್ದೆ ಅಂದುಕೊಂಡೆ. ಮುಖದ ಮೇಲೂ ಅದು ಕಂಡಿರಬೇಕು.

ಮಾಮಾ ಕ್ಯಾಸೆಟ್ಟಿಗೆ ಚಿತ್ರ ತುಂಬುವ ವಿಸಿಆರಿನ ವೈರು ಹಿಡಿದುಕೊಂಡು ಬಂದ. ತುದಿಗೆ ಹಳದಿ ಪಿನ್ನು.

“ಎಲ್ಲಾ ಛಲೋ ಆತವಾ. ಇದನ್ನ ಎಲ್ಲಿ ಚುಚ್ಚಬೇಕು?”

ನನ್ನ ಕಾರ್ಡ್ ತಿರುಗಿಸಿ ನೋಡಿದೆ. ಮಾನಿಟರಿನ ವೈರಿಗೆ ಒಂದು ಜಾಗ, ಅದೊಂದೇ. ಪರದೆಯ ಮೇಲೆ ಬಂದದ್ದು ಕ್ಯಾಸೆಟ್ಟಿಗೆ ಹೋಗಲು ದಾರಿಯೇ ಇಲ್ಲ. ಅಕ್ಕೋರ ಕಾರ್ಡಿನಲ್ಲಿ ಮಾತ್ರ ಪಕ್ಕದಲ್ಲೇ ಒಂದು ಹಳದಿ ತೂತು ಇತ್ತು. ಅಕ್ಕೋರು ಗೆದ್ದ ನಗೆ ನಗಬಹುದಿತ್ತು. ಅವರು ಆ ತೂತನ್ನೇ ನೋಡುತ್ತ, “ಇದು ಯಾತಕ್ಕ ಅದ ಅಂತ ನನಗೂ ಇವತ್ತೇ ತಿಳೀತು ನೋಡು ತಂಗಿ,” ಎಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೆಮೊರಿ, ಬಣ್ಣ, ವೇಗ ಎಂದು ಇಷ್ಟು ದಿನ ಜಗಳಾಡಿದ್ದೆವು, ಕಾರ್ಡಿನ ಬೆನ್ನನ್ನು ಒಬ್ಬರೂ ನೋಡಿರಲಿಲ್ಲ.

ಈಗ ಅಕ್ಕೋರ ಕಾರ್ಡನ್ನೇ ಓಡಿಸಬೇಕು, ಕುಂಟುವುದನ್ನು ನಿಲ್ಲಿಸಬೇಕು, ಸಂಜೆಯೊಳಗೆ. ಟಿವಿಯಲ್ಲಿ ಹೇಗೂ ಅಷ್ಟು ಸೂಕ್ಷ್ಮ ಕಾಣುವುದಿಲ್ಲ, ಚಿತ್ರದ ಅಳತೆ ಇಳಿಸೋಣ ಎಂದು ನನಗೆ ಹೊಳೆಯಿತು. ಹಿಂದಿದ್ದ ಹೂವಿನ ಚಿತ್ರ ತೆಗೆದು ಒಂದೇ ಬಣ್ಣ ಇಡು ಎಂದು ಅಕ್ಕೋರು ಹೇಳಿದರು. ಒಬ್ಬರು ಕೀಬೋರ್ಡು, ಒಬ್ಬರು ಮೌಸು. ನಡುವೆ ಕರೆಂಟು ಒಮ್ಮೆ ಹೋಗಿ ಬಂತು, ಮತ್ತೆ ಮೊದಲಿನಿಂದ ಮಾಡಿದೆವು. ಕಡೆಗೊಮ್ಮೆ ಟಿವಿಯಲ್ಲಿ ಮಹಾನಂದಾ ನುಣ್ಣಗೆ ತಿರುಗಿದಳು. ಮಾಮಾ ಟಿವಿಗೇ ಕೈಮುಗಿದ.

ಯಡ್ರಾಮಿಯವರು ಬಂದರು. ಮದುಮಗಳ ಅಪ್ಪ, ವಿಭೂತಿ ಹಚ್ಚಿದ ಗಂಭೀರ ಮುಖದ ವ್ಯಾಪಾರಸ್ಥರು, ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ನಿಧಾನಕ್ಕೆ ಹೇಳಿದರು:

“ಚಂದ ಅದರಿ. ಆದ್ರ ಹಿಂದಕ್ಕ ತಿರುಗಿದಾಗ ನಮ್ಮ ಹುಡುಗಿ ಹೆಸರು ಉಲ್ಟಾ ಕಾಣ್ತದ. ಲಗ್ನದಾಗ ಅದು ಬ್ಯಾಡ್ರಿ.”

ಮಾಮಾನ ಮುಖ ಬಿಳಿಚಿತು. ಹೌದಲ್ಲ, ಹಿಂದೆ ತಿರುಗಿದ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತದೆ. ನಾವು ಚಂದ ನೋಡುವ ಭರದಲ್ಲಿ ಓದಿಯೇ ಇರಲಿಲ್ಲ. ಅಕ್ಕೋರು ನನ್ನ ಕಡೆ ನೋಡಿದರು, ನಾನು ಅವರ ಕಡೆ. ಚಹಾ ಕುಡೀರಿ, ಮುಗಿಯೋದ್ರೊಳಗ ಮಾಡ್ತೇವಿ ಎಂದು ಯಡ್ರಾಮಿಯವರಿಗೆ ಹೇಳಿ ಕೂತೆವು. ಪೂರ್ತಿ ಸುತ್ತುವುದನ್ನು ತೆಗೆದೆವು. ಹೆಸರು ಎಡಕ್ಕೆ ಅರ್ಧ ವಾಲಿ, ಮರಳಿ, ಬಲಕ್ಕೆ ವಾಲುವ ಹಾಗೆ ಮಾಡಿದೆವು.

ಮದುಮಗಳ ಅಪ್ಪ ಚಹಾದ ಕಪ್ಪು-ಬಸಿ ಕೆಳಗಿಟ್ಟು ನೋಡಿದರು. “ತೊಟ್ಟಿಲಾ ತೂಗಿದಂಗ ಅದ,” ಎಂದರು. ಅಷ್ಟು ಹೊತ್ತು ಬಿಗಿದುಕೊಂಡಿದ್ದ ಮುಖ ಸಡಿಲಾಯಿತು. “ಇದ ಇರಲ್ರಿ.”

ಆ ಮದುವೆ ಮಾಮಾನದಾಯಿತು, ಆ ಸೀಸನ್ನಿನ ಉಳಿದ ಮದುವೆಗಳೂ ಒಂದೊಂದಾಗಿ ಬಂದವು. ತೂಗುವ ಹೆಸರೇ ಬೇಕೆಂದು ಶಹಾಪುರದ ಕಡೆಯವರೂ ಕೇಳಿಕೊಂಡು ಬಂದರು. ಒಬ್ಬನಿಂದಲೇ ಆಗದ ಕೆಲಸ ಎಂದು ಮಾಮಾ ನಮ್ಮಿಬ್ಬರನ್ನೂ ಕರೆದ. ನಾನು ಆಳಂದ ಬಿಟ್ಟೆ, ಅಕ್ಕೋರು ಅಫಜಲಪುರ ಬಿಟ್ಟರು. ಮಾಮಾನ ಸ್ಟುಡಿಯೊದ ಪಕ್ಕದ ಕೋಣೆಯಲ್ಲಿ ಇಬ್ಬರೂ ಅಂಗಡಿ ಹಾಕಿದೆವು. ಮದುವೆ ಹೆಸರಿನಿಂದ ಶುರುವಾದದ್ದು ಆಮೇಲೆ ಲಗ್ನಪತ್ರಿಕೆ, ಬ್ಯಾನರು, ಆಲ್ಬಮ್ಮು ಎಂದು ಬೆಳೆಯುತ್ತ ಹೋಯಿತು.

ಇದನ್ನು ಬರೆಯುತ್ತಿರುವುದೂ ಆ ಅಂಗಡಿಯಲ್ಲೇ. ಎದುರಿನ ಮೇಜಿನಲ್ಲಿ ಅಕ್ಕೋರು ಕೂತಿದ್ದಾರೆ, ತಲೆ ಪೂರಾ ಬೆಳ್ಳಗಾಗಿದೆ. ಬಹಳ ಹೊತ್ತಿನಿಂದ ನನ್ನನ್ನೇ ನೋಡುತ್ತಿದ್ದವರು ಈಗ ಕೇಳಿದರು, ಏನು ಬರೀಲಾಕತ್ತೀ ಅಂತ. ನಮ್ಮ ಕಾರ್ಡುಗಳ ಜಗಳ ಎಂದೆ.

“ಯಾರು ಗೆದ್ರು ಅಂತ ಬರದಿ?”

ನಾನು ಅದನ್ನು ಇನ್ನೂ ಬರೆದಿಲ್ಲ ಎಂದೆ. ಅವರು ಕುರ್ಚಿ ಎಳೆದುಕೊಂಡು ನನ್ನ ಮಗ್ಗುಲಿಗೆ ಬಂದು ಕೂತರು.